ಬಸ್ಸಿಗೆ ಕಾದ ಕ್ರಿಸ್‌ಮಸ್ ತಾತ

ಸ್ಟೋನ್‌ಹೇವನ್
14 ಸೆಪ್ಟೆಂಬರ್ 2016

ಪ್ರಿಯ ಊನಾ,

ಲಕೋಟೆಯ ಮೇಲಿನ ಅಕ್ಷರ ನೋಡಿದ ಕೂಡಲೇ ಇದು ಯಾರದೆಂದು ನಿನಗೆ ಗೊತ್ತಾಗಿರುತ್ತದೆ. ಒಲೆಗೆ ಹಾಕದೆ ಇಲ್ಲಿಯವರೆಗೆ ಓದಿದ್ದೀಯಾದರೆ ಅದೇ ದೊಡ್ಡದು.

ವಿಳಾಸ ಕೊಟ್ಟವಳು ನಿನ್ನ ನಾದಿನಿ ಮಾರ್ಗೊ. ಮೀನಿನ ಅಂಗಡಿಯಲ್ಲಿ ಸಿಕ್ಕಿದ್ದಳು. "ಇಷ್ಟು ವರ್ಷ ಆದ್ಮೇಲೆ ಬರೆಯೋದು ಏನಿದೆ?" ಅಂದಳು. "ಇದೆ" ಅಂದೆ. ಮೀನು ಸುತ್ತಿಕೊಟ್ಟ ಕಾಗದದ ಮೂಲೆ ಹರಿದು ಅದರಲ್ಲೇ ಬರೆದುಕೊಟ್ಟಳು. ನನ್ನ ಮುಖ ನೋಡಲಿಲ್ಲ. ನಿನ್ನ ಫೋನ್ ನಂಬರನ್ನೂ ಕೊಡುತ್ತಿದ್ದಳೋ ಏನೋ, ನಾನು ಕೇಳಲಿಲ್ಲ. ಈ ಮಾತನ್ನು ಬಾಯಲ್ಲಿ ಹೇಳುವ ಧೈರ್ಯ ನನಗಿಲ್ಲ.

ಪ್ರತಿ ನವೆಂಬರ್ ನಮ್ಮ ಚರ್ಚಿನ ಹಾಲಿನಲ್ಲಿ ಕ್ರಿಸ್‌ಮಸ್ ಅಂಗಡಿ ಹಾಕುವುದು ನಿನಗೆ ಮಾರ್ಗೊ ಹೇಳಿರಬಹುದು. ನಮ್ಮಿಬ್ಬರ ಮಕ್ಕಳೂ ಮಲಗಿದ್ದ ಆಸ್ಪತ್ರೆಯ ರೋವನ್ ವಾರ್ಡಿಗೆ ಸಹಾಯ ಆಗಲಿ ಅಂತ. ಶುಭಾಶಯದ ಕಾರ್ಡು, ಉಲ್ಲನ್ ಟೋಪಿ, ಕೇಕು, ಮಿಠಾಯಿ. ಹಬ್ಬಕ್ಕೆ ಹೇಗೂ ಕೊಳ್ಳಲೇಬೇಕಾದ್ದನ್ನು ಊರಿನವರು ನಮ್ಮಲ್ಲೇ ಕೊಳ್ಳುತ್ತಾರೆ. ಆಗ ನೀನೂ ನಾನೂ ಮಕ್ಕಳ ಮಂಚದ ಪಕ್ಕ ಕುರ್ಚಿಯಲ್ಲೇ ವಾರಗಟ್ಟಲೆ ಕಳೆದೆವಲ್ಲ, ಈಗ ದೂರದಿಂದ ಬರುವ ತಾಯ್ತಂದೆಯರಿಗೆ ಉಳಿದುಕೊಳ್ಳಲು ಒಂದು ಮನೆಯೇ ಇದೆ. ನಿಮ್ಮ ಆರ್ಕ್ನಿ ದ್ವೀಪಗಳಿಂದ ಬರುವವರೂ ಅಲ್ಲೇ ಇರುತ್ತಾರೆ. ಹತ್ತು ವರ್ಷದಿಂದ ನಾನು ಅಲ್ಲಿ ಕೆಲಸ ಮಾಡುತ್ತಿದ್ದೇನೆ, ಈಗ ಅಂಗಡಿಯ ಜವಾಬ್ದಾರಿ ನನ್ನದು.

ನಮ್ಮಲ್ಲಿ ಎಲ್ಲಕ್ಕಿಂತ ಹೆಚ್ಚು ಹೋಗುವ ಕಾರ್ಡು ಒಂದಿದೆ. ಮಳೆ ಸುರಿಯುತ್ತಿದೆ. ಬಸ್ ಸ್ಟಾಪಿನಲ್ಲಿ ಕ್ರಿಸ್‌ಮಸ್ ತಾತ ಎರಡು ಕೈಯಲ್ಲೂ ಚೀಲ ಹಿಡಿದು ನಿಂತಿದ್ದಾನೆ. ಅವನ ಹಿಮಸಾರಂಗಕ್ಕೆ ನೆಗಡಿ, ಕುತ್ತಿಗೆಗೆ ಮಫ್ಲರ್ ಸುತ್ತಿಕೊಂಡು ಬೆಂಚಿನ ಮೇಲೆ ಕೂತಿದೆ. ಬಲಗಡೆಯಿಂದ ಹದಿನೇಳನೆಯ ನಂಬರಿನ ಬಸ್ಸು ಬರುತ್ತಿದೆ. ಬಸ್ಸಿಗೆ ಮುಂದೆ ಒಂದು ಚಕ್ರ, ಹಿಂದೆ ಒತ್ತೊತ್ತಾಗಿ ಎರಡು. ಮಗು ಎಣಿಕೆ ತಪ್ಪಿದೆ ಅಂತ ಕೊಳ್ಳುವವರೆಲ್ಲ ನಗುತ್ತಾರೆ. ಕಾರ್ಡಿನ ಹಿಂದೆ "ಐಲ್ಸಾ ಗೆಡಿಸ್, 7 ವರ್ಷ" ಅಂತ ಅಚ್ಚಾಗಿದೆ.

ಊನಾ, ಆ ಚಿತ್ರ ನನ್ನ ಮಗಳು ಬರೆದದ್ದಲ್ಲ. ನಿನ್ನ ಮಗ ಇನಿಸ್ ಬರೆದದ್ದು.

ಈ ವರ್ಷ ಸಮಿತಿಯವರು ಐಲ್ಸಾಳ ಕೈಯಲ್ಲೇ ಅಂಗಡಿ ಉದ್ಘಾಟನೆ ಮಾಡಿಸಬೇಕೆಂದಿದ್ದರು. ಕಾಯಿಲೆ ಗೆದ್ದ ಹುಡುಗಿ, ಹತ್ತು ವರ್ಷದ ಕಾರ್ಡು, ಎರಡು ಮಾತು ಆಡಲಿ ಅಂತ. ನಾನು ಹೇಳಿದಾಗ ಅವಳು ಬ್ರೆಡ್ಡಿಗೆ ಬೆಣ್ಣೆ ಸವರುತ್ತಿದ್ದವಳು ಚಾಕು ಕೆಳಗಿಟ್ಟಳು.

"ಅದು ಇನಿಸ್ ಬರೆದಿದ್ದು ಅಮ್ಮಾ. ನನ್ನ ಕೈಲಿ ಒಂದು ಬೆಕ್ಕು ಬರೆಯೋಕೂ ಬರಲ್ಲ."

"ಮತ್ತೆ ಇಷ್ಟು ವರ್ಷ ಯಾಕೆ ಸುಮ್ಮನಿದ್ದೆ?"

"ನೀನು ಯಾಕೆ ಕೇಳಲಿಲ್ಲ?" ಅಂದಳು. ಆಮೇಲೆ, "ನೀನು ಅವರಮ್ಮನಿಗೆ ಹೇಳು. ಇಲ್ಲಾಂದ್ರೆ ನಾನು ಅಲ್ಲಿ ನಿಂತು ಮೈಕಲ್ಲೇ ಹೇಳಿಬಿಡ್ತೀನಿ."

ಆಗ ಅವಳಿಗೆ ಏಳು ವರ್ಷ. ಕೇಳಿದವರಿಗೆ ಹೂಂ ಅಂದಿರಬೇಕು. ನನಗೂ ಈಗಷ್ಟೇ ತಿಳಿದದ್ದು. ಏನು ಮಾಡಬೇಕು ಅಂತ ನೀನೇ ಹೇಳು. ನಿನ್ನ ಗಂಡ ಸ್ಯಾಂಡಿಗೆ ನನ್ನ ನೆನಪು ತಿಳಿಸು, ತಿಳಿಸಬಹುದು ಅನ್ನಿಸಿದರೆ.

ನಿನ್ನ,
ರೋನಾ


ಸ್ಟ್ರಾಮ್‌ನೆಸ್, ಆರ್ಕ್ನಿ
2 ಅಕ್ಟೋಬರ್ 2016

ಶ್ರೀಮತಿ ಗೆಡಿಸ್ ಅವರಿಗೆ,

ನಿಮ್ಮ ಪತ್ರ ತಲುಪಿತು. ಎರಡು ವಾರ ಅಡುಗೆಮನೆಯ ಗಡಿಯಾರದ ಹಿಂದೆ ಇಟ್ಟಿದ್ದೆ. ನಾನು ಇಲ್ಲಿಯ ಶಾಲೆಯಲ್ಲಿ ಮಕ್ಕಳಿಗೆ ಮಧ್ಯಾಹ್ನದ ಅಡುಗೆ ಮಾಡುತ್ತೇನೆ. ದಿನಾ ನೂರ ಹತ್ತು ತಟ್ಟೆ. ಆ ಕೆಲಸ ಮುಗಿಸಿ ಬಂದು ನಿಮ್ಮ ಪತ್ರ ತೆಗೆಯುವುದು, ಅರ್ಧ ಓದುವುದು, ಮತ್ತೆ ಇಡುವುದು.

ಕೊನೆಗೆ ಸ್ಯಾಂಡಿಗೆ ಓದಿ ಹೇಳಿದೆ. ಅವರು ಇಲ್ಲಿಯೂ ಬಸ್ಸೇ ಓಡಿಸುತ್ತಾರೆ. ಇಡೀ ಪತ್ರಕ್ಕೆ ಅವರು ಕೇಳಿದ್ದು ಒಂದೇ ಮಾತು. "ಹಿಂದೆ ಎರಡು ಚಕ್ರ ಇದೆಯಂತಾ?"

"ಇದೆಯಂತೆ."

"ನಾನೇ ಹೇಳಿಕೊಟ್ಟಿದ್ದೆ. ಬಸ್ಸಿಗೆ ಹಿಂದಿನ ಟೈರು ಜೋಡಿ ಇರುತ್ತೆ ಮಗಾ, ಭಾರ ಹೊರೋದು ಅವೇ ಅಂತ." ಇಷ್ಟು ಹೇಳಿ ಹೊರಗೆ ಹೋಗಿ, ಆಗತಾನೇ ತೊಳೆದಿದ್ದ ಬಸ್ಸನ್ನು ಇನ್ನೊಂದು ಸಲ ತೊಳೆದರು.

ಮಗು ಎಣಿಕೆ ತಪ್ಪಿಲ್ಲ ಶ್ರೀಮತಿ ಗೆಡಿಸ್. ಅದು ನಿಮಗೂ ಗೊತ್ತಿತ್ತು. ಹದಿನೇಳನೆಯ ನಂಬರ್ ಯಾರು ಓಡಿಸುತ್ತಿದ್ದರು? ನೀವು ಐಲ್ಸಾಳನ್ನು ಕರೆದುಕೊಂಡು ಆಸ್ಪತ್ರೆಗೆ ಹೋಗುತ್ತಿದ್ದದ್ದು ಯಾವ ಬಸ್ಸಿನಲ್ಲಿ? ಅವಳು ವಾಂತಿ ಮಾಡಿಕೊಂಡ ದಿನ ಸ್ಯಾಂಡಿ ಬಸ್ಸು ನಿಲ್ಲಿಸಿ ತಮ್ಮ ಕೋಟು ಕೊಟ್ಟಿರಲಿಲ್ಲವೇ? "ಈಗಷ್ಟೇ ತಿಳಿದದ್ದು" ಅಂತ ಬರೆದಿದ್ದೀರಿ. ಏಳು ವರ್ಷದ ಮಗುವಿನ ಹೆಗಲ ಮೇಲೆ ಹೊರಿಸಿ ನೀವು ಪಕ್ಕಕ್ಕೆ ನಿಂತುಕೊಂಡಿದ್ದೀರಿ.

ಇನಿಸ್ ಹೋದ ಮೇಲೆ ಏಳೆಂಟು ತಿಂಗಳು ನೀವು ವಾರಕ್ಕೆರಡು ಸಲ ಬರುತ್ತಿದ್ದಿರಿ. ಸೂಪು ತರುತ್ತಿದ್ದಿರಿ. ಆಮೇಲೆ ಅಕ್ಟೋಬರಿನಲ್ಲಿ ಒಮ್ಮೆಗೇ ನಿಂತುಹೋಯಿತು. ರಸ್ತೆಯಲ್ಲಿ ಕಂಡರೆ ಆ ಬದಿಗೆ ದಾಟುತ್ತಿದ್ದಿರಿ. ನನ್ನ ದುಃಖ ಅಂಟುರೋಗ ಅಂತ ನೀವು ಹೆದರಿದ್ದೀರಿ, ಬದುಕಿರುವ ಮಗಳಿಗೆ ತಗಲೀತು ಅಂತ ದೂರವಾದಿರಿ ಅಂತ ನಾನು ತಿಳಿದಿದ್ದೆ. ಹತ್ತು ವರ್ಷ ಹಾಗೇ ತಿಳಿದಿದ್ದೆ. ಊರು ಬಿಟ್ಟದ್ದಕ್ಕೆ ಅದೂ ಒಂದು ಕಾರಣ.

ಏನು ಮಾಡಬೇಕು ಅಂತ ಕೇಳಿದ್ದೀರಿ. ಪೇಪರಿನಲ್ಲಿ ತಪ್ಪೊಪ್ಪಿಗೆ ನನಗೆ ಬೇಡ. ಆ ಕಾಗದ ಬೇಕು. ಅಚ್ಚಾದದ್ದಲ್ಲ, ಅವನ ಕೈ ತಾಗಿದ್ದು.

ಊನಾ ಪೀಟ್ರಿ


ಸ್ಟೋನ್‌ಹೇವನ್
9 ಅಕ್ಟೋಬರ್ 2016

ಪ್ರಿಯ ಊನಾ,

ನೀನು ನನ್ನನ್ನು ಶ್ರೀಮತಿ ಗೆಡಿಸ್ ಅಂದದ್ದು ಸರಿಯಾಗಿಯೇ ಇದೆ. ಆದರೆ ನನಗೆ ನಿನ್ನನ್ನು ಹಾಗೆ ಕರೆಯಲು ಬರುವುದಿಲ್ಲ, ಸಹಿಸಿಕೋ.

ನನಗೆ ಗೊತ್ತಿತ್ತು.

2006ರ ಅಕ್ಟೋಬರ್ ಮೊದಲ ವಾರ. ಅಚ್ಚಿನವರಿಂದ ಕಾರ್ಡಿನ ಪೆಟ್ಟಿಗೆಗಳು ಬಂದವು. ನಾನು ಆಗ ಹೊಸಬಳು, ಟೇಪು ಕತ್ತರಿಸಿ ಕಟ್ಟುಗಳನ್ನು ಜೋಡಿಸುವ ಕೆಲಸ ನನ್ನದು. ಮೊದಲ ಕಟ್ಟು ತೆಗೆದಾಗ ಬಸ್ಸು ಕಂಡಿತು. ಚಕ್ರ ಕಂಡಿತು. ಹಿಂದೆ ತಿರುಗಿಸಿದೆ, ನನ್ನ ಮಗಳ ಹೆಸರು. ಸಮಿತಿಯ ಶ್ರೀಮತಿ ಫಾರ್ಕ್ವರ್ ಓಡಿಬಂದು ನನ್ನನ್ನು ತಬ್ಬಿಕೊಂಡರು. "ನಿಂಗೆ ಹೇಳದೆ ಗುಟ್ಟಾಗಿಟ್ಟಿದ್ದೆ ಕಣೇ! ಎಂಥಾ ಕೈ ಇದೆ ನಿನ್ನ ಹುಡುಗಿಗೆ!" ಹಾಲಿನಲ್ಲಿದ್ದವರೆಲ್ಲ ಚಪ್ಪಾಳೆ ತಟ್ಟಿದರು.

ಅವತ್ತೇ ಬಾಯಿಬಿಡಬೇಕಿತ್ತು. ಯಾಕೆ ಬಿಡಲಿಲ್ಲ ಅಂತ ಹತ್ತು ವರ್ಷದಿಂದ ನನ್ನನ್ನೇ ಕೇಳಿಕೊಂಡಿದ್ದೇನೆ, ಒಳ್ಳೆಯ ಉತ್ತರ ಸಿಕ್ಕಿಲ್ಲ. ಎರಡು ವರ್ಷ ಎಲ್ಲರೂ ನನ್ನ ಮಗಳನ್ನು ನೋಡಿದ್ದು ಅಯ್ಯೋ ಪಾಪ ಅನ್ನುವ ಕಣ್ಣಿನಿಂದ. ಬೋಳು ತಲೆ ನೋಡುವುದು, ನನ್ನ ಕಡೆ ನೋಡುವುದು. ಅವತ್ತು ಮೊದಲ ಸಲ ಜನ ಅವಳ ಕಾಯಿಲೆ ಬಿಟ್ಟು ಬೇರೆ ಏನಕ್ಕೋ ಅವಳನ್ನು ಹೊಗಳಿದರು. ನನಗೆ ಅದು ಬೇಕಾಗಿತ್ತು. ಒಂದು ಮಧ್ಯಾಹ್ನದ ಮಟ್ಟಿಗೆ ಇಟ್ಟುಕೊಳ್ಳೋಣ ಅಂದುಕೊಂಡೆ.

ಮರುದಿನ ಕಾರ್ಡನ್ನು ಚೀಲದಲ್ಲಿ ಹಾಕಿಕೊಂಡು ನಿನ್ನ ಮನೆಗೆ ಬಂದೆ. ಹಿತ್ತಲಿನ ಗೇಟಿನವರೆಗೂ ಬಂದಿದ್ದೆ. ನೀನು ಬಟ್ಟೆ ಒಣಹಾಕುತ್ತಿದ್ದೆ. ಇನಿಸ್‌ನ ನೀಲಿ ಸ್ವೆಟರು. ಹೋಗಿ ಎಂಟು ತಿಂಗಳಾದ ಮಗುವಿನ ಸ್ವೆಟರನ್ನು ಒಗೆದು, ತೋಳು ಎಳೆದು ನೇರ ಮಾಡಿ, ನೀನು ಎರಡು ಕ್ಲಿಪ್ಪು ಹಾಕಿದೆ. ನಾನು ಅಲ್ಲಿಂದಲೇ ತಿರುಗಿದೆ. ನಿನ್ನ ಮಗ ಹೋದ, ನನ್ನ ಮಗಳು ಉಳಿದಳು. ಅದರ ಮೇಲೆ ಅವನ ಚಿತ್ರವನ್ನೂ ನಾವೇ ಇಟ್ಟುಕೊಂಡಿದ್ದೇವೆ ಅಂತ ಯಾವ ಬಾಯಲ್ಲಿ ಹೇಳಲಿ? ಆಮೇಲೆ ನಿನ್ನ ಮುಖ ನೋಡಲಾಗಲಿಲ್ಲ. ರಸ್ತೆ ದಾಟಿದ್ದು ಅದಕ್ಕೆ. ನಿನ್ನ ದುಃಖಕ್ಕೆ ಹೆದರಿ ಅಲ್ಲ ಊನಾ. ನನ್ನ ಕಳ್ಳತನಕ್ಕೆ ಹೆದರಿ.

ಇನ್ನೊಂದು ಹೇಳಬೇಕು, ಇದು ಇನ್ನೂ ಕಷ್ಟ. ಮೂಲ ಚಿತ್ರ ನಮ್ಮಲ್ಲಿಲ್ಲ. 2007ರ ಕ್ರಿಸ್‌ಮಸ್ ಸಂತೆಯಲ್ಲಿ ವಾರ್ಡಿನ ಸಹಾಯಕ್ಕೆಂದು ಅದನ್ನು ಹರಾಜಿಗಿಟ್ಟರು. ನಾನು ಎದುರಿಗೇ ಕೂತಿದ್ದೆ, ತಡೆಯಲಿಲ್ಲ. ಲಮ್ಸ್‌ಡೆನ್ ಅನ್ನುವ ಹಲ್ಲಿನ ಡಾಕ್ಟರು ಕೊಂಡರು. ಅವರು ಈಗ ಊರಿನಲ್ಲಿಲ್ಲ. ಎಲ್ಲಿದ್ದರೂ ಹುಡುಕುತ್ತೇನೆ.

ರೋನಾ


ಸ್ಟೋನ್‌ಹೇವನ್
30 ಅಕ್ಟೋಬರ್ 2016

ಪ್ರಿಯ ಊನಾ,

ನಿನ್ನಿಂದ ಪತ್ರ ಬಂದಿಲ್ಲ. ಬರುತ್ತದೆ ಅಂತ ನಿರೀಕ್ಷಿಸುವ ಹಕ್ಕು ನನಗಿಲ್ಲ. ಆದರೂ ಬರೆಯುತ್ತಿದ್ದೇನೆ, ಚಿತ್ರ ಸಿಕ್ಕಿದೆ.

ಲಮ್ಸ್‌ಡೆನ್ ನಿವೃತ್ತರಾಗಿ ಮಾಂಟ್ರೋಸ್‌ನಲ್ಲಿ ಮಗಳ ಮನೆಯ ಹತ್ತಿರ ಇದ್ದಾರೆ. ಎಂಬತ್ತೆರಡು ವರ್ಷ, ಕಿವಿ ಮಂದ. ನಾನು ಹೇಳಬೇಕಾದ್ದನ್ನೆಲ್ಲ ಕೂಗಿ ಹೇಳಬೇಕಾಯಿತು. ನನ್ನ ತಪ್ಪನ್ನು ಅಷ್ಟು ಜೋರಾಗಿ ನಾನು ಯಾವತ್ತೂ ಕೇಳಿಸಿಕೊಂಡಿರಲಿಲ್ಲ. ಪಕ್ಕದ ಮನೆಯವರೂ ಕೇಳಿಸಿಕೊಂಡಿರಬೇಕು.

"ಕ್ಲಿನಿಕ್ಕಲ್ಲಿ ಕುರ್ಚಿ ಎದುರಿಗೇ ಹಾಕಿದ್ದೆ," ಅಂದರು. "ಹಲ್ಲು ಕೀಳುವಾಗ ಮಕ್ಕಳಿಗೆ ಹೇಳ್ತಿದ್ದೆ, ಮಳೆ ಹನಿ ಎಣಿಸಿ ಅಂತ. ಎಷ್ಟಿದೆ ಗೊತ್ತಾ? ನೂರ ನಲವತ್ತಮೂರು. ಅಷ್ಟು ಎಣಿಸೋದ್ರೊಳಗೆ ಹಲ್ಲು ನನ್ನ ಕೈಲಿರ್ತಿತ್ತು."

ಆಮೇಲೆ ಫ್ರೇಮನ್ನು ಗೋಡೆಯಿಂದ ಇಳಿಸಿ, ಬೆನ್ನ ಕಡೆಯ ರಟ್ಟು ಬಿಚ್ಚಿದರು. "ಹಿಂದೆ ಬರೆದಿರೋದು ನೋಡಿದೀರಾ? ಫ್ರೇಮ್ ಹಾಕಿಸುವಾಗಲೇ ಓದಿದ್ದೆ. ಇನಿಸ್ ಅಂದ್ರೆ ಆ ಹುಡುಗಿಯ ಅಣ್ಣ ಅಂದ್ಕೊಂಡೆ."

ನಾನು ನೋಡಿರಲಿಲ್ಲ ಊನಾ. ಸಮಿತಿಯಲ್ಲೂ ಯಾರೂ ನೋಡಿರಲಿಲ್ಲ. ಪೆನ್ಸಿಲಿನಲ್ಲಿ, ಓರೆಯಾದ ದಪ್ಪ ಅಕ್ಷರದಲ್ಲಿ ಹೀಗೆ ಇದೆ:

"ಐಲ್ಸಾಗೆ. ಇದು ಇನ್ಮೇಲೆ ನಿಂದು. ಬಸ್ಸು ಬಂದೇ ಬರುತ್ತೆ, ನಮ್ಮಪ್ಪ ಓಡಿಸೋದು. ಇನಿಸ್."

ಮನೆಗೆ ಬಂದು ಐಲ್ಸಾಗೆ ತೋರಿಸಿದೆ. ನಾನು ಕೇಳಿದೆ, "ಫಾರ್ಕ್ವರ್ ಆಂಟಿ ನಿನ್ನ ಹತ್ರ ಏನಂತ ಕೇಳಿದ್ರು? ಸರಿಯಾಗಿ ನೆನಪು ಮಾಡ್ಕೋ."

"ನನ್ನ ಚಿತ್ರದ ಫೈಲಿಂದ ತೆಗೆದು, 'ಇದು ನಿಂದಾ ಪುಟ್ಟಿ?' ಅಂದ್ರು. ನಂದೇ ಅಂದೆ. ನಂದೇ ತಾನೆ? ಅವನೇ ಕೊಟ್ಟಿದ್ದ." ಆಮೇಲೆ ಅತ್ತಳು. ಹತ್ತು ವರ್ಷ ತಾನು ಸುಳ್ಳಿ ಅಂತ ನಂಬಿಕೊಂಡಿದ್ದಳು ನನ್ನ ಮಗಳು. ಅವಳು ಸುಳ್ಳು ಹೇಳಿರಲಿಲ್ಲ. ಈ ಮನೆಯಲ್ಲಿ ಸುಳ್ಳು ಇದ್ದದ್ದು ಒಬ್ಬಳ ಹತ್ತಿರ ಮಾತ್ರ.

ಸಮಿತಿಗೂ ಹೇಳಿದ್ದೇನೆ. ಶ್ರೀಮತಿ ಫಾರ್ಕ್ವರ್ ಕನ್ನಡಕ ತೆಗೆದು ಒರೆಸಿದರು, ಮತ್ತೆ ಹಾಕಿಕೊಂಡರು. "ಈ ವರ್ಷ ಸುಮ್ಮನಿರು ರೋನಾ. ಎಂಟು ಸಾವಿರ ಕಾರ್ಡು ಆಗಲೇ ಅಚ್ಚಾಗಿದೆ. ಜನ ಕೊಳ್ಳೋದು ಬದುಕಿದ ಮಗುವಿನ ಕಾರ್ಡು. ಹಬ್ಬಕ್ಕೆ ಸಾವನ್ನ ಯಾರೂ ಮನೆಗೆ ತಗೊಂಡು ಹೋಗಲ್ಲ." ಅವರು ಕೆಟ್ಟವರಲ್ಲ. ಆ ವಾರ್ಡಿಗಾಗಿ ಇಪ್ಪತ್ತು ವರ್ಷ ದುಡಿದಿದ್ದಾರೆ. ಅವರು ಹೇಳಿದ್ದರಲ್ಲಿ ನಿಜವೂ ಇರಬಹುದು. ಆದರೆ ನಾನು ಹೇಳಿದೆ, ಊನಾ ಒಪ್ಪುವವರೆಗೆ ಆ ಕಾರ್ಡಿನ ಒಂದು ಕಟ್ಟೂ ಪೆಟ್ಟಿಗೆಯಿಂದ ಹೊರಗೆ ಬರಲ್ಲ, ಬೇಕಿದ್ದರೆ ಅಂಗಡಿಯ ಬೀಗದ ಕೈ ಬೇರೆಯವರಿಗೆ ಕೊಡಿ ಅಂತ. ಯಾರೂ ಕೈ ಚಾಚಲಿಲ್ಲ.

ನಾಡಿದ್ದು ಅಂಗಡಿ ತೆರೆಯುತ್ತದೆ. ಪೆಟ್ಟಿಗೆಗಳು ಮೇಜಿನ ಕೆಳಗಿವೆ. ಚಿತ್ರವನ್ನು ಎರಡು ರಟ್ಟಿನ ನಡುವೆ ಇಟ್ಟು ಕಟ್ಟಿದ್ದೇನೆ. ಅಂಚೆಗೆ ಹಾಕಲೇ?

ರೋನಾ


ಸ್ಟ್ರಾಮ್‌ನೆಸ್
8 ನವೆಂಬರ್ 2016

ಅಂಚೆಗೆ ಹಾಕಬೇಡಿ. ಮಡಿಸಿಬಿಡುತ್ತಾರೆ.

ಐಲ್ಸಾ ತರಲಿ. ನೀವು ಬರಬೇಡಿ.

ಕಾರ್ಡಿನ ವಿಷಯ ಆಮೇಲೆ.

ಊನಾ


ಸ್ಟ್ರಾಮ್‌ನೆಸ್
21 ನವೆಂಬರ್ 2016

ರೋನಾ,

ನಿನ್ನ ಮಗಳನ್ನು ಇವತ್ತು ಬೆಳಿಗ್ಗೆ ಹಡಗು ಹತ್ತಿಸಿ ಬಂದೆ. ಸಮುದ್ರ ಸ್ವಲ್ಪ ಜೋರಾಗಿತ್ತು. ಹೊಟ್ಟೆಗೆ ಒಣ ಬಿಸ್ಕತ್ತು ಕೊಟ್ಟು ಕಳಿಸಿದ್ದೇನೆ.

ಅವಳು ಬರುವ ದಿನ ನಾನು ಬಂದರಿಗೆ ಹೋಗಲಿಲ್ಲ. ಸ್ಯಾಂಡಿಯನ್ನು ಕಳಿಸಿದೆ. ಅವಳನ್ನು ನೋಡಲು ನನ್ನಿಂದ ಆಗುತ್ತದೋ ಇಲ್ಲವೋ ಗೊತ್ತಿರಲಿಲ್ಲ. ನನ್ನ ತಲೆಯಲ್ಲಿ ಅವಳಿನ್ನೂ ಏಳು ವರ್ಷದವಳು, ಉಲ್ಲನ್ ಟೋಪಿ ಹಾಕಿಕೊಂಡು ಇನಿಸ್‌ನ ಮಂಚದ ತುದಿಯಲ್ಲಿ ಕಾಲು ಆಡಿಸುತ್ತಾ ಕೂತವಳು. ಬಾಗಿಲು ತೆಗೆದರೆ ನನಗಿಂತ ಒಂದು ಗೇಣು ಎತ್ತರದ ಹುಡುಗಿ. ತಲೆತುಂಬ ಕೂದಲು, ಗಾಳಿಗೆ ಕೆದರಿ ಹಕ್ಕಿಗೂಡಾಗಿತ್ತು. "ಸೂಪ್ ಕುಡೀತೀಯಾ?" ಅಂದೆ. ಮೂರು ಬಟ್ಟಲು ಕುಡಿದಳು.

ಚಿತ್ರವನ್ನು ಮೇಜಿನ ಮೇಲೆ ಬಿಚ್ಚಿಟ್ಟಳು. ಸ್ಯಾಂಡಿ ಕನ್ನಡಕ ಹಾಕಿಕೊಂಡು ಬಗ್ಗಿ ನೋಡಿದ. ಮುಟ್ಟಲಿಲ್ಲ. "ವೈಪರೂ ಬರೆದಿದಾನೆ ನೋಡು," ಅಂದ. ಸ್ವಲ್ಪ ಹೊತ್ತಾದ ಮೇಲೆ, "ಸ್ಟೇರಿಂಗ್ ಹಿಂದೆ ಇರೋದು ನಾನೇ. ಮೀಸೆ ಇದೆ." ಆಗ ಅವನಿಗೆ ಮೀಸೆ ಇತ್ತು, ನಿನಗೆ ನೆನಪಿರಬಹುದು. ಹತ್ತು ವರ್ಷದಲ್ಲಿ ನಮ್ಮ ಮನೆಯಲ್ಲಿ ಇನಿಸ್‌ನ ಹೆಸರು ಕೇಳಿದ್ದು ಬೆರಳಲ್ಲಿ ಎಣಿಸುವಷ್ಟು. ಅವತ್ತು ಸ್ಯಾಂಡಿ ಅವನ ವಿಷಯ ಒಂದೇ ಸಮನೆ ಮಾತಾಡಿದ. ಮರುದಿನ ಐಲ್ಸಾಳನ್ನು ತನ್ನ ಬಸ್ಸಿನಲ್ಲಿ ಮುಂದಿನ ಸೀಟಿನಲ್ಲಿ ಕೂರಿಸಿಕೊಂಡು ಎರಡು ಸುತ್ತು ಹೋಗಿಬಂದ.

ನಾನು ನಿನಗೆ ಬರೆಯಬೇಕಾದದ್ದು ಇದಲ್ಲ.

ನಿನ್ನೆ ಮಧ್ಯಾಹ್ನ ನಾವಿಬ್ಬರೇ ಇದ್ದೆವು. ಆಲೂಗಡ್ಡೆ ಸುಲಿಯುತ್ತಾ ಅವಳು ಒಂದೊಂದೇ ಹೇಳಿದಳು. ಆಸ್ಪತ್ರೆಯ ಬಟಾಣಿ ಇನಿಸ್‌ಗೆ ಸೇರುತ್ತಿರಲಿಲ್ಲವಂತೆ, ತಿಂದ ಹಾಗೆ ಮಾಡಿ ಚಪ್ಪಲಿಯೊಳಗೆ ಹಾಕುತ್ತಿದ್ದನಂತೆ. ಆ ಚಪ್ಪಲಿಯನ್ನು ನಾನು ತೊಳೆದಿದ್ದೇನೆ ರೋನಾ! ಅದು ಏನು ಹಸಿರು ಅಂತ ನರ್ಸನ್ನು ಬೈದಿದ್ದೆ. ನಾನೂ ಅವಳೂ ಅಡುಗೆಮನೆಯಲ್ಲಿ ಕೂತು ನಕ್ಕೆವು. ನಗುತ್ತಿದ್ದ ಹಾಗೇ ಅವಳು ನಿಲ್ಲಿಸಿ, "ಇನ್ನೊಂದು ಇದೆ. ಹೇಳಲಾ ಬೇಡವಾ ಗೊತ್ತಿಲ್ಲ," ಅಂದಳು.

"ಹೇಳು."

"ತಾನು ಮನೆಗೆ ಹೋಗಲ್ಲ ಅಂತ ಅವನಿಗೆ ಗೊತ್ತಿತ್ತು. ಹೆದರಿಕೆ ಆಗುತ್ತೆ ಅಂತ ನಂಗೆ ಹೇಳಿದ್ದ. 'ಅಮ್ಮಂಗೆ ಹೇಳಬೇಡ, ನಾನು ಚೆನ್ನಾಗಿದೀನಿ ಅಂದ್ಕೊಂಡಿದಾಳೆ' ಅಂದಿದ್ದ."

ನಾನು ಅವನ ಮುಂದೆ ಒಂದು ದಿನವೂ ಅಳಲಿಲ್ಲ. ಬೇಸಿಗೆಗೆ ಎಲ್ಲಿಗೆ ಹೋಗೋಣ, ಯಾವ ಸೈಕಲ್ ಕೊಳ್ಳೋಣ ಅಂತ ಮಾತಾಡುತ್ತಿದ್ದೆ. ಅವನಿಗೆ ಗೊತ್ತಾಗಬಾರದು ಅಂತ. ಅವನೋ ನನಗೆ ಗೊತ್ತಾಗಬಾರದು ಅಂತ ಸೈಕಲ್ಲಿನ ಬಣ್ಣ ಆರಿಸುತ್ತಿದ್ದ. ಅವನು ಒಬ್ಬನೇ ಹೆದರಿ ಮಲಗಿರಲಿಲ್ಲ, ಒಬ್ಬಳ ಹತ್ತಿರವಾದರೂ ಹೇಳಿಕೊಂಡಿದ್ದ. ಏಳು ವರ್ಷದ ಹುಡುಗಿ ಅದನ್ನು ಇಷ್ಟು ವರ್ಷ ಒಬ್ಬಳೇ ಹೊತ್ತಿದ್ದಳು. ನೀನು ಆ ಗೇಟಿನಿಂದ ಹಿಂತಿರುಗದೇ ಇದ್ದಿದ್ದರೆ ಅವಳು ನನ್ನ ಹಿತ್ತಲಲ್ಲಿ ಆಡಿಕೊಂಡು ಬೆಳೆಯುತ್ತಿದ್ದಳು, ಇದನ್ನು ಎಂದೋ ಹೇಳಿಬಿಟ್ಟಿರುತ್ತಿದ್ದಳು. ನೀನು ನನ್ನಿಂದ ತೆಗೆದುಕೊಂಡದ್ದು ಚಿತ್ರವನ್ನಲ್ಲ, ಇದನ್ನು.

ನಿನ್ನನ್ನು ಕ್ಷಮಿಸಿದ್ದೇನೆ ಅಂತ ಬರೆಯೋಣ ಅಂತಲೇ ಕೂತೆ. ಆ ಸಾಲು ಬರುತ್ತಿಲ್ಲ. ಬಂದಾಗ ಬರೆಯುತ್ತೇನೆ. ಆದರೆ ಮೇಲಿಂದ ಇಲ್ಲಿಯವರೆಗೆ ನೋಡಿದೆ, ನಿನ್ನನ್ನು ನೀನು ಅಂತಲೇ ಬರೆದಿದ್ದೇನೆ. ತಿದ್ದುವುದಿಲ್ಲ, ಇರಲಿ.

ಚಿತ್ರವನ್ನು ಐಲ್ಸಾ ಕೈಯಲ್ಲೇ ವಾಪಸ್ ಕಳಿಸಿದ್ದೇನೆ. ಅವಳು ಬೇಡ ಅಂದಳು. ನನ್ನ ಮಗ ಒಬ್ಬರಿಗೆ ಕೊಟ್ಟದ್ದನ್ನು ನಾನು ಕಿತ್ತುಕೊಳ್ಳುವುದಿಲ್ಲ ಅಂದೆ. ಮೂರು ದಿನ ನನ್ನ ಮೇಜಿನ ಮೇಲಿತ್ತು, ನಾನು ಅದರ ಪೆನ್ಸಿಲಿನ ಗೆರೆಗಳ ಮೇಲೆ ಬೆರಳಾಡಿಸಿದ್ದೇನೆ. ಸಾಕು.

ಕಾರ್ಡಿನ ಹಿಂದೆ ಹೀಗೆ ಹಾಕು: "ಚಿತ್ರ: ಇನಿಸ್ ಪೀಟ್ರಿ, 8 ವರ್ಷ. ಗೆಳತಿ ಐಲ್ಸಾಗೆ ಕೊಟ್ಟದ್ದು." ಅಷ್ಟೇ. ನೆನಪಿಗೆ, ಸ್ಮರಣಾರ್ಥ, ಅಂಥದ್ದೇನೂ ಬೇಡ. ಅವನು ಅದನ್ನು ಬರೆಯುವಾಗ ಬದುಕಿದ್ದ.

ಊನಾ


ಸ್ಟೋನ್‌ಹೇವನ್
2 ಡಿಸೆಂಬರ್ 2016

ಪ್ರಿಯ ಊನಾ,

ಆ ಸಾಲು ಬರದಿದ್ದರೂ ಪರವಾಗಿಲ್ಲ.

ಹಳೆಯ ಹೆಸರಿನ ಮೇಲೆ ನಿನ್ನ ಸಾಲಿನ ಎಂಟು ಸಾವಿರ ಚೀಟಿ ಅಂಟಿಸಿ ಮುಗಿಯಿತು. ಚರ್ಚಿನ ಹಾಲಿನಲ್ಲಿ ಉದ್ದಕ್ಕೆ ಮೇಜು ಹಾಕಿಕೊಂಡು ಕೂತೆವು. ಎರಡನೆಯ ದಿನ ಶ್ರೀಮತಿ ಫಾರ್ಕ್ವರ್ ತಮ್ಮದೇ ಕುರ್ಚಿ, ತಮ್ಮದೇ ದಿಂಬು ಹೊತ್ತು ತಂದು ನನ್ನ ಪಕ್ಕ ಕೂತರು. "ನಾನೇ ಸರಿಯಾಗಿ ಕೇಳಬೇಕಿತ್ತು ಆ ಮಗೂನ," ಅಂದರು. ಅವರ ಚೀಟಿಗಳೇ ಎಲ್ಲಕ್ಕಿಂತ ನೇರವಾಗಿದ್ದವು.

ಶನಿವಾರ ಮೊದಲ ಕಟ್ಟು ಹೊರಗೆ ಇಟ್ಟೆವು. ಹಾಲು ತುಂಬಿತ್ತು. ಐಲ್ಸಾ ತಾನೇ ಮಾತಾಡುತ್ತೇನೆ ಅಂದಳು, ನಾನು ಬಿಡಲಿಲ್ಲ. ನಾನೇ ಎದ್ದು ನಿಂತು ಹೇಳಿದೆ. ಈ ಚಿತ್ರ ಯಾರದು, ನನಗೆ ಯಾವಾಗಿನಿಂದ ಗೊತ್ತಿತ್ತು, ಯಾರಿಂದ ಮುಚ್ಚಿಟ್ಟೆ, ಎಲ್ಲ. ಮಾತು ಮುಗಿದ ಮೇಲೆ ಚಪ್ಪಾಳೆ ಇರಲಿಲ್ಲ, ಬೈಗುಳವೂ ಇರಲಿಲ್ಲ. ಯಾರೋ ಟೀ ಕಪ್ಪು ತಟ್ಟೆಯ ಮೇಲೆ ಇಟ್ಟ ಸದ್ದು ಕೇಳಿಸಿತು.

ನಿನಗೆ ನಿಜ ಹೇಳುತ್ತೇನೆ, ಕೆಲವರು ಹಿಂದೆ ತಿರುಗಿಸಿ ಓದಿ ಕೆಳಗಿಟ್ಟು ಹೋದರು. ಒಬ್ಬ ಹೆಂಗಸು ಹತ್ತು ವರ್ಷದಿಂದ ಕೊಳ್ಳುತ್ತಿದ್ದವಳು, "ನಮ್ಮನೇಲಿ ಪುಟ್ಟ ಮಕ್ಕಳಿದಾವೆ, ಈ ಸಲ ಬೇಡ" ಅಂದಳು. ಆದರೆ ಹಿಂದಿನ ಸಾಲಿನಿಂದ ಒಬ್ಬ ಗಂಡಸು ಎದ್ದುಬಂದು, ಐದು ಕಟ್ಟು ತೆಗೆದುಕೊಂಡ. ಅವನ ಮಗು ಈಗ ರೋವನ್ ವಾರ್ಡಿನಲ್ಲಿದೆ ಅಂತ ಆಮೇಲೆ ತಿಳಿಯಿತು. ಹೋದ ವರ್ಷಕ್ಕಿಂತ ಕಡಿಮೆ ಹೋಗಬಹುದು. ಆದರೆ ಈ ಸಲ ಕೊಡುವಾಗ ಕೊಂಡವರ ಕಣ್ಣು ನೋಡಿ ಕೊಡುತ್ತಿದ್ದೇನೆ.

ನೀನು ಕೇಳಲಿಲ್ಲ, ಆದರೂ ಅರವತ್ತು ಕಾರ್ಡು ಕಳಿಸುತ್ತಿದ್ದೇನೆ. ಮಾರಬೇಕಾಗಿಲ್ಲ. ನಿನ್ನ ಹತ್ತಿರ ಇರಲಿ.

ರೋನಾ


ಸ್ಟ್ರಾಮ್‌ನೆಸ್
17 ಡಿಸೆಂಬರ್ 2016

ರೋನಾ,

ಪೆಟ್ಟಿಗೆ ಬಂದ ದಿನ ಅದನ್ನು ಮಂಚದ ಕೆಳಗೆ ತಳ್ಳಿದ್ದೆ. ನಮಗೆ ಮಗ ಇದ್ದ ಅಂತ ಈ ಊರಿನಲ್ಲಿ ಯಾರಿಗೂ ಗೊತ್ತಿಲ್ಲ. ಮಕ್ಕಳಿಲ್ಲದ ದಂಪತಿ ಅಂತಲೇ ನಮ್ಮನ್ನು ತಿಳಿದಿದ್ದಾರೆ, ನಾವೂ ಹಾಗೇ ಬಿಟ್ಟಿದ್ದೆವು. ಕೇಳಿದವರಿಗೆಲ್ಲ ಮೊದಲಿಂದ ಹೇಳಿ, ಅವರ ಮುಖ ಬಾಡುವುದನ್ನು ನೋಡುವುದಕ್ಕಿಂತ ಅದು ಸುಲಭವಾಗಿತ್ತು.

ಇವತ್ತು ನಮ್ಮ ಶಾಲೆಯಲ್ಲಿ ಕ್ರಿಸ್‌ಮಸ್ ಮಾರಾಟ ಇತ್ತು. ನನ್ನದು ಯಾವತ್ತೂ ಶುಂಠಿ ಕೇಕಿನ ಮೇಜು. ಬೆಳಿಗ್ಗೆ ಹೊರಡುವಾಗ ಸ್ಯಾಂಡಿ ಆ ಪೆಟ್ಟಿಗೆ ಎತ್ತಿ ಬಸ್ಸಿನಲ್ಲಿಟ್ಟ. ಇಳಿಸಿಕೊಳ್ಳದೆ ಇರಲಾಗಲಿಲ್ಲ. ಕೇಕಿನ ಪಕ್ಕ ಕಾರ್ಡು ಇಟ್ಟು, "ಮಕ್ಕಳ ವಾರ್ಡಿಗಾಗಿ" ಅಂತ ಒಂದು ರಟ್ಟಿನ ಮೇಲೆ ಬರೆದು ನಿಲ್ಲಿಸಿದೆ.

ಮೊದಲ ಒಂದು ಗಂಟೆ ಎಲ್ಲರೂ ಕೇಕು ಕೊಂಡರು. ಆಮೇಲೆ ಎಡ್ವಿನ್ ಅಂತ, ಗುಡ್ಡದ ಆಚೆ ದನ ಸಾಕುವವರು, ಎಪ್ಪತ್ತರ ಮೇಲಾಗಿದೆ, ಬಂದು ಕಾರ್ಡು ಎತ್ತಿಕೊಂಡರು. ಕೈ ಉದ್ದ ಮಾಡಿ ದೂರ ಹಿಡಿದು ನೋಡಿದರು. ನಗಲಿಲ್ಲ.

"ಈ ಬಸ್ಸಿನ ಹಿಂದಿನ ಚಕ್ರ ಸರಿಯಾಗಿ ಬರೆದಿದಾನಲ್ಲ! ಟ್ರ್ಯಾಕ್ಟರ್ ಗೊತ್ತಿರೋ ಹುಡುಗ ಇರಬೇಕು. ಯಾರಿವನು?"

ಮುಂದಿನ ಮೇಜಿನಲ್ಲಿ ನಮ್ಮ ಹೆಡ್ ಮಿಸ್ಟ್ರೆಸ್ಸು ಇದ್ದರು. ಹಿಂದೆ ಸಾಲಿನಲ್ಲಿ ನಾಲ್ಕೈದು ತಾಯಂದಿರು.

"ನನ್ನ ಮಗ," ಅಂದೆ.

"ನಿಮ್ಮ ಮಗನಾ? ಈಗೆಷ್ಟು ವರ್ಷ?"

"ಹತ್ತೊಂಬತ್ತು ಆಗ್ತಿತ್ತು."

ಅವರು ಕಾರ್ಡಿನಿಂದ ಕಣ್ಣೆತ್ತಿ ನನ್ನನ್ನು ನೋಡಿದರು. ಎಲ್ಲರ ಹಾಗೆ ಅಯ್ಯೋ ಅನ್ನುತ್ತಾರೆ, ಕೈ ಹಿಡಿದುಕೊಳ್ಳುತ್ತಾರೆ ಅಂತ ನಾನು ಕಾದೆ. ಅವರು ಟೋಪಿ ತೆಗೆದು ಮೇಜಿನ ತುದಿಯಲ್ಲಿಟ್ಟು, ಪಕ್ಕದ ಸ್ಟೂಲು ಎಳೆದುಕೊಂಡು ಕೂತರು.

"ಎಂಥಾ ಹುಡುಗ ಆಗಿದ್ದ, ಹೇಳಿ ಮತ್ತೆ," ಅಂದರು.

ಹೇಳಿದೆ ರೋನಾ. ಸಾಲಿನಲ್ಲಿದ್ದವರೂ ಹೋಗಲಿಲ್ಲ, ಸುತ್ತ ನಿಂತರು. ಅವನು ಇಳಿಜಾರಿನಲ್ಲಿ ಬ್ರೇಕಿಲ್ಲದೆ ಸೈಕಲ್ ಬಿಟ್ಟದ್ದು, ಬಟಾಣಿಯ ಚಪ್ಪಲಿ, ಮಾತಿನ ಮಧ್ಯೆ ಅವನು ಮೂಗು ಒರೆಸಿಕೊಳ್ಳುತ್ತಿದ್ದ ರೀತಿ, ಎಲ್ಲ ಹೇಳಿದೆ. ಬಟಾಣಿಯ ಹತ್ತಿರ ಎಲ್ಲರೂ ನಕ್ಕರು. ಕೇಕು ಕೊಳ್ಳಲು ಬಂದವರು ಕಾದರು. ನಾನು ನಿಲ್ಲಿಸಲಿಲ್ಲ.

ಕಾರ್ಡೆಲ್ಲ ಖಾಲಿಯಾಗಿವೆ. ಇನ್ನಷ್ಟು ಕಳಿಸು. ಅಂಚೆಗೆ ಹಾಕಬೇಡ, ನೀನೇ ತಾ.

ಊನಾ